ಅನುದಾನ ಭಿಕ್ಷೆಯಲ್ಲ, ದಾಸೋಹ ತೆರಿಗೆಯಲ್ಲ

ಸದ್ಭಕ್ತರೇ, ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ನಾಡಿನ ನಾನಾ ಕಡೆ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ,

ಈ ತಿಂಗಳು ನಿಮ್ಮ ಮುಂದೆ ಇಡುತ್ತಿರುವುದು ತತ್ತ್ವಜಿಜ್ಞಾಸೆಯ ವಿಷಯವಲ್ಲ, ಲೆಕ್ಕದ ವಿಷಯ. ಲೆಕ್ಕವೆಂದೊಡನೆ ಪುಟ ಮಗುಚುವ ಅಭ್ಯಾಸ ನಮ್ಮಲ್ಲಿ ಅನೇಕರಿಗುಂಟು. ಆದರೆ ಕಾಯಕದ ಶುದ್ಧಿಯನ್ನೇ ಧರ್ಮದ ಮೊದಲ ಮೆಟ್ಟಿಲೆಂದು ಬಗೆದ ಶರಣರ ಪರಂಪರೆಗೆ ಸೇರಿದವರು ಲೆಕ್ಕವನ್ನು ಬರಿಯ ಲೌಕಿಕವೆಂದು ಬದಿಗೆ ಸರಿಸುವಂತಿಲ್ಲ. ನಿಮ್ಮ ಊರಿನ ಶಾಲೆಯ ವಾರ್ಷಿಕ ಆಯವ್ಯಯವನ್ನು ಯಾರು ಬರೆಯುತ್ತಾರೆ? ಯಾವಾಗ ಬರೆಯುತ್ತಾರೆ? ಯಾವ ಭರವಸೆಯ ಮೇಲೆ ಬರೆಯುತ್ತಾರೆ? ಈ ಮೂರು ಪ್ರಶ್ನೆಗಳಿಗೆ ನಿಮ್ಮಲ್ಲಿ ಎಷ್ಟು ಜನ ಉತ್ತರ ಕೊಡಬಲ್ಲಿರಿ? ಒಂದು ವರ್ಷದ ಹಿಂದೆ ನಮ್ಮನ್ನು ಯಾರಾದರೂ ಕೇಳಿದ್ದರೆ ನಾವೂ ನಿರುತ್ತರರಾಗುತ್ತಿದ್ದೆವು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಕಳೆದ ಜೂನ್ ತಿಂಗಳಿನಲ್ಲಿ ಸಮೀಪದ ಹಳ್ಳಿಯೊಂದರಿಂದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರೂ ಶ್ರೀಮಠಕ್ಕೆ ಬಂದರು. 86 ಮಕ್ಕಳ ಶಾಲೆ. ಒಂದು ಕೋಣೆಯ ಹೆಂಚು ಒಡೆದು ಮಳೆ ಒಳಗೇ ಸುರಿಯುತ್ತಿತ್ತು. ಗಣಿತ ಹೇಳುವ ಶಿಕ್ಷಕರು ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಅತಿಥಿ ಶಿಕ್ಷಕರನ್ನು ನೇಮಿಸಿಕೊಳ್ಳುವ ಅನುಮತಿ ಇನ್ನೂ ಬಂದಿರಲಿಲ್ಲ. ಹೆಂಚಿಗೂ, ಮೂರು ತಿಂಗಳ ಮಟ್ಟಿಗೆ ಒಬ್ಬ ಶಿಕ್ಷಕಿಯ ಸಂಬಳಕ್ಕೂ ಮಠ ಕೈಹಿಡಿಯಬೇಕೆಂಬುದು ಅವರ ಬಿನ್ನಹ. ಕೊಟ್ಟೆವು. ಕೊಟ್ಟ ಮೇಲೆ, ಸರಕಾರದಿಂದ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ವಿಚಾರಿಸಿದೆವು. ಅಧ್ಯಕ್ಷರು ಒಕ್ಕಲುತನದವರು; ಅವರು ಹೇಳಿದ ಮಾತು ಇದು: “ಅಜ್ಜಾರ, ಏಪ್ರಿಲ್‌ದಾಗ ಕೇಳಿದ್ರ ಇನ್ನೂ ಆದೇಶ ಬಂದಿಲ್ಲ ಅಂತಾರ; ಮಾರ್ಚಿನ್ಯಾಗ ಕೇಳಿದ್ರ ವರ್ಷ ಮುಗೀತು ಅಂತಾರ.”

ಶಾಲೆಯ ಯೋಜನೆಯ ಪ್ರತಿಯೊಂದಿದ್ದರೆ ತೋರಿಸಿರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆವು. ಅವರು ತಲೆ ತಗ್ಗಿಸಿದರು. ಹಿಂದಿನ ವರ್ಷದ ಅಂಕಿಗಳನ್ನೇ ತುಂಬಿ ಕಳುಹಿಸಿದ್ದೇವೆ, ಅದನ್ನು ನೋಡಿ ಯಾರೂ ಹಣ ಕೊಡುವುದಿಲ್ಲ, ಆದಕಾರಣ ನಾವೂ ಅದನ್ನು ಮತ್ತೆ ನೋಡುವುದಿಲ್ಲ ಎಂದರು. ಅವರ ಪ್ರಾಮಾಣಿಕತೆಗೆ ಮೆಚ್ಚಿದೆವು. ಆದರೆ ಆ ಮಾತಿನ ಅರ್ಥ ನಮ್ಮನ್ನು ಬಹಳ ದಿನ ಕಾಡಿತು. ಬರೆಯುವವರಿಗೂ ನಂಬಿಕೆಯಿಲ್ಲದ, ಓದುವವರಿಗೂ ಬೇಕಿಲ್ಲದ ಒಂದು ಕಾಗದವನ್ನು ಶಾಲೆಯ ಯೋಜನೆಯೆಂದು ಕರೆಯುತ್ತಿದ್ದೇವೆ. ಹಣವನ್ನು ಮಾತ್ರ ಮಠದ ಬಾಗಿಲಿಗೆ ಬಂದು ಬೇಡುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯಿರಿ. 2002ರ ಸಂವಿಧಾನದ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಜಾರಿಗೆ ತರಲು 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ರಚಿತವಾಗಿ, 2010ರ ಏಪ್ರಿಲ್ 1ರಿಂದ ಅನ್ವಯವಾಯಿತು. ಆ ಕಾಯಿದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳೇ ಆಗಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. 22ನೆಯ ಪ್ರಕರಣದಂತೆ ಆ ಸಮಿತಿಯು ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಸರಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು. ಇದು ಯಾವನೋ ಆದರ್ಶವಾದಿಯ ಕನಸಲ್ಲ, ಸಂಸತ್ತು ಅಂಗೀಕರಿಸಿದ ಶಾಸನ. ಕೇಂದ್ರದ ಮಾದರಿ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮುಂಚೆಯೇ ಯೋಜನೆ ಸಿದ್ಧವಾಗಬೇಕೆಂದೂ, ಅದರಲ್ಲಿ ಬರುವ ಮಕ್ಕಳ ಸಂಖ್ಯೆ, ಬೇಕಾಗುವ ಶಿಕ್ಷಕರು, ಕಟ್ಟಡದ ಅಗತ್ಯ, ವರ್ಷವಾರು ಬೇಕಾಗುವ ಹಣ ಇವೆಲ್ಲ ಇರಬೇಕೆಂದೂ ಹೇಳುತ್ತವೆ. ಅಂದರೆ ಡಿಸೆಂಬರಿನಲ್ಲಿ ಊರು ಬರೆಯಬೇಕು. ಮಾರ್ಚಿನಲ್ಲಿ ರಾಜ್ಯ ತನ್ನ ಆಯವ್ಯಯದಲ್ಲಿ ಅದಕ್ಕೆ ಉತ್ತರ ಹೇಳಬೇಕು. ಜೂನಿನಲ್ಲಿ ಮಕ್ಕಳು ಬರುವ ಹೊತ್ತಿಗೆ ಶಾಲೆಯ ಕೈಯಲ್ಲಿ ಹಣವಿರಬೇಕು. ಎಷ್ಟು ಸುಂದರವಾದ ಕ್ರಮ! ಈ ಕ್ರಮವು ಯಾವ ಊರಿನಲ್ಲಿ ನಡೆಯುತ್ತಿದೆ, ಹೇಳಿ?

ನಡೆಯುತ್ತಿರುವುದು ಬೇರೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಸರಕಾರಿ ಶಾಲೆಗೂ ಒಂದು ಸಂಯುಕ್ತ ಶಾಲಾ ಅನುದಾನವುಂಟು. ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೀರಿದರೆ ಒಂದು ಲಕ್ಷ. ನಾವು ಹೇಳಿದ 86 ಮಕ್ಕಳ ಶಾಲೆಯ ಲೆಕ್ಕ ಹಾಕಿ ನೋಡಿ. 25,000 ರೂಪಾಯಿಯನ್ನು 86ರಿಂದ ಭಾಗಿಸಿದರೆ ಮಗುವೊಂದಕ್ಕೆ ವರ್ಷಕ್ಕೆ ಸುಮಾರು 290 ರೂಪಾಯಿ; 220 ದಿನ ಶಾಲೆ ನಡೆದರೆ ದಿನಕ್ಕೆ ಒಂದೂಕಾಲು ರೂಪಾಯಿಗಿಂತ ತುಸು ಹೆಚ್ಚು. ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಫಿನಾಯಿಲ್, ನಲ್ಲಿಯ ದುರಸ್ತಿ, ಒಡೆದ ಕಿಟಕಿ, ಪ್ರಯೋಗದ ಸಾಮಗ್ರಿ ಎಲ್ಲವೂ ಇದರೊಳಗೇ. ಇದರಲ್ಲಿ ಹತ್ತನೆಯ ಒಂದು ಪಾಲು ಸ್ವಚ್ಛತೆಗೇ ಮೀಸಲು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. 31 ಮಕ್ಕಳಿದ್ದ ಶಾಲೆಯಿಂದ ಒಂದೇ ಒಂದು ಮಗು ಪಟ್ಟಣದ ಶಾಲೆಗೆ ಹೋಯಿತೆನ್ನಿ. 25,000 ಇದ್ದದ್ದು 10,000ಕ್ಕೆ ಇಳಿಯುತ್ತದೆ. ಒಂದು ಮಗು ಹೋದರೆ ಮಾಡಿನ ಸೋರಿಕೆಯೂ ಅಷ್ಟೇ ಕಡಿಮೆಯಾಗುತ್ತದೆಯೇ? ಶೌಚಾಲಯ ಬಳಿಯುವ ಕೆಲಸ ಕಡಿಮೆಯಾಗುತ್ತದೆಯೇ? ಅಗತ್ಯವನ್ನು ನೋಡದೆ ತಲೆಗಳನ್ನು ಮಾತ್ರ ಎಣಿಸುವ ಈ ಪದ್ಧತಿಯಲ್ಲಿ, ಸೊರಗುತ್ತಿರುವ ಶಾಲೆಯನ್ನು ಇನ್ನಷ್ಟು ಸೊರಗಿಸಿ, ಕಡೆಗೆ ಮಕ್ಕಳಿಲ್ಲವೆಂದು ಬೀಗ ಹಾಕುವುದು ಸುಲಭವಾಗುತ್ತದೆ.

“ಹಾಸಿಗೆಯಿದ್ದಷ್ಟು ಕಾಲು ಚಾಚು” ಎಂದು ಹಿರಿಯರು ಹೇಳಿದರು. ಇದಕ್ಕಿಂತ ಚೊಕ್ಕವಾಗಿ ಆಯವ್ಯಯ ಶಾಸ್ತ್ರವನ್ನು ಯಾರೂ ಹೇಳಲಾರರು. ಆದರೆ ಹಾಸಿಗೆಯ ಉದ್ದವನ್ನೇ ಹೇಳದೆ, ದೀಪವನ್ನೂ ಆರಿಸಿ, ಕಾಲು ಚಾಚು ಎಂದರೆ ಮಲಗುವವನು ಏನು ಮಾಡಬೇಕು? ಹಣ ಕಡಿಮೆಯೆಂಬುದು ಒಂದು ಕಷ್ಟ. ಹಣ ಎಷ್ಟು, ಯಾವಾಗ ಎಂಬುದೇ ತಿಳಿಯದಿರುವುದು ಅದಕ್ಕಿಂತ ದೊಡ್ಡ ಕಷ್ಟ. ಕಡಿಮೆ ಹಣದಲ್ಲಿ ಸಂಸಾರ ತೂಗಿಸುವುದನ್ನು ನಮ್ಮ ಹಳ್ಳಿಯ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಈ ತಿಂಗಳು ಕಾಳು ಬರುತ್ತದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲದಿದ್ದರೆ ಎಂಥ ಗೃಹಿಣಿಯೂ ಒಲೆ ಹಚ್ಚಲಾರಳು.

ಈ ಅನಿಶ್ಚಿತತೆ ಮೇಲಿನಿಂದಲೇ ಹರಿದು ಬರುತ್ತದೆ. 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ ಆರಂಭವಾದಾಗ ಕೇಂದ್ರದ ಪಾಲು ನೂರಕ್ಕೆ 85, ರಾಜ್ಯದ ಪಾಲು 15 ಇತ್ತು. ಅನಂತರ ಅದು 75ಕ್ಕೆ 25 ಆಯಿತು. 2007ರ ಬಳಿಕ 65ರಿಂದ ಇನ್ನೂ ಕೆಳಗೆ ಇಳಿಯತೊಡಗಿತು. ಶಿಕ್ಷಣ ಹಕ್ಕು ಜಾರಿಯಾದ 2010ರಲ್ಲಿ ಮತ್ತೆ 65ಕ್ಕೆ 35 ಎಂದು ತೀರ್ಮಾನವಾಯಿತು. 2015ರಿಂದ 60ಕ್ಕೆ 40 ಆಗಿದೆ. ಹದಿನೈದು ವರ್ಷಗಳಲ್ಲಿ ಎಷ್ಟು ಬಾರಿ ನಿಯಮ ಬದಲಾಯಿತೆಂದು ಎಣಿಸಿಕೊಳ್ಳಿ. ಶಿಕ್ಷಣಕ್ಕೆಂದು 2004ರಲ್ಲಿ ತೆರಿಗೆಯ ಮೇಲೆ ನೂರಕ್ಕೆ ಎರಡರಷ್ಟು ಸೆಸ್ ಹಾಕಿದರು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಿನಲ್ಲಿ ಇನ್ನೊಂದನ್ನು ಸೇರಿಸಿದರು. 2018ರಲ್ಲಿ ಆರೋಗ್ಯವನ್ನೂ ಕೂಡಿಸಿ ನಾಲ್ಕು ಮಾಡಿದರು. ಸೆಸ್ ಎಂಬುದು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಯ ರಾಶಿಗೆ ಸೇರುವುದಿಲ್ಲ. ಅದನ್ನು ಯಾವ ಯೋಜನೆಗೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬುದನ್ನು ಕೇಂದ್ರವೇ ನಿರ್ಧರಿಸುತ್ತದೆ. ಇತ್ತ ಹಂಚುವ ರಾಶಿಯಲ್ಲಿ ಕರ್ನಾಟಕದ ಪಾಲನ್ನು ಹದಿನಾಲ್ಕನೆಯ ಹಣಕಾಸು ಆಯೋಗ ನೂರಕ್ಕೆ 4.713 ಎಂದು ಗೊತ್ತುಮಾಡಿದ್ದರೆ, ಹದಿನೈದನೆಯ ಆಯೋಗ ಅದನ್ನು 3.647ಕ್ಕೆ ಇಳಿಸಿತು. ನೆರೆಯ ತಮಿಳುನಾಡಿನ ಕಥೆ ಇನ್ನೂ ಕಠೋರ. ಪಿಎಂ ಶ್ರೀ ಎಂಬ ಬೇರೊಂದು ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು 2024-25ರಲ್ಲಿ ಆ ರಾಜ್ಯಕ್ಕೆ ಬರಬೇಕಾದ ಸಮಗ್ರ ಶಿಕ್ಷಣದ ಎರಡು ಸಾವಿರ ಕೋಟಿಗೂ ಮಿಕ್ಕ ಹಣ ನಿಂತಿತು; 2025ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಲ್ಲಿ ದೆಹಲಿಯದು ತಪ್ಪೋ ಬೆಂಗಳೂರಿನದು ತಪ್ಪೋ ಎಂದು ತೀರ್ಪು ಕೊಡಲು ನಾವು ಕುಳಿತಿಲ್ಲ. ಎರಡೂ ಕಡೆಯವರಿಗೆ ವಾದ ಮಾಡಲು ವಕೀಲರಿದ್ದಾರೆ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮೃತ್ಯು ಎನ್ನುವುದನ್ನು ಮಾತ್ರ ನೆನಪಿಸುತ್ತೇವೆ. ಇನ್ನು ದೆಹಲಿಯತ್ತ ಬೆರಳು ತೋರುವ ರಾಜ್ಯ ಸರಕಾರಗಳು ತಮ್ಮ ಶಾಲೆಗಳಿಗೆ ಅದನ್ನೇ ಮಾಡುತ್ತಿಲ್ಲವೇ? ಒಂದೇ ಉದಾಹರಣೆ ಸಾಕು. ಬೇಕಾದ ಖಾಯಂ ಶಿಕ್ಷಕರನ್ನು ನೇಮಿಸದೆ ಪ್ರತಿ ವರ್ಷವೂ ಅತಿಥಿ ಶಿಕ್ಷಕರಿಂದ ಶಾಲೆ ನಡೆಸುವುದು ವಾಡಿಕೆಯಾಗಿದೆ. 2022ರವರೆಗೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 7,500 ರೂಪಾಯಿ ಸಿಗುತ್ತಿತ್ತು. ಆ ವರ್ಷ 10,000 ಮಾಡಿದರು. 2025ರ ಆಯವ್ಯಯದಲ್ಲಿ ಇನ್ನೆರಡು ಸಾವಿರ ಹೆಚ್ಚಿಸಿದರು. ಹೆಚ್ಚಿಸಿದ್ದು ಸಂತೋಷ. ಆದರೆ ಮಾರ್ಚಿನಲ್ಲಿ ಮನೆಗೆ ಕಳುಹಿಸಿ, ಶಾಲೆ ತೆರೆದ ಮೇಲೆ ಆದೇಶಕ್ಕಾಗಿ ಕಾಯಿಸುವ ಅತಿಥಿಯನ್ನು ಯಾವ ಮನೆಯವರು ಅತಿಥಿಯೆಂದು ಕರೆಯುತ್ತಾರೆ? ಅತಿಥಿಯನ್ನು ದೇವರೆಂದ ನಾಡಿನಲ್ಲಿ ಆ ಶಬ್ದಕ್ಕೆ ಬಂದ ದುರ್ಗತಿಯನ್ನು ನೆನೆದು ಮನಸ್ಸಿಗೆ ವ್ಯಥೆಯಾಗುತ್ತದೆ.

ನಮ್ಮ ಮಠಗಳಿಗೆ ಇನ್ನೂ ಸಮೀಪದ ಉದಾಹರಣೆ ಅನುದಾನಿತ ಶಾಲೆಗಳದು. ಸರಕಾರ ತಲುಪದ ಊರುಗಳಲ್ಲಿ ಸಂಘ ಸಂಸ್ಥೆಗಳು ಕನ್ನಡ ಶಾಲೆ ತೆರೆಯಲಿ, ಕೆಲವು ವರ್ಷ ನಡೆಸಿ ತೋರಿಸಿದರೆ ಶಿಕ್ಷಕರ ವೇತನವನ್ನು ಸರಕಾರ ವಹಿಸಿಕೊಳ್ಳುತ್ತದೆ ಎಂಬ ಭರವಸೆ ಒಂದು ಕಾಲಕ್ಕಿತ್ತು. ಅದನ್ನು ನಂಬಿ ಎಷ್ಟೋ ಮಠಗಳು, ಎಷ್ಟೋ ಊರಿನ ಹಿರಿಯರು ಶಾಲೆ ತೆರೆದರು. 1995ರ ಅನಂತರ ತೆರೆದ ಶಾಲೆಗಳ ಪಾಲಿಗೆ ಆ ಬಾಗಿಲು ಮುಚ್ಚಿತು. ಇಂದು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ಅಲ್ಪ ಸಂಬಳಕ್ಕೆ ದುಡಿಯುತ್ತ ಬಂದ ಶಿಕ್ಷಕರ ತಲೆಗೂದಲು ಬೆಳ್ಳಗಾಗಿದೆ. ಅನುದಾನವಿರುವ ಶಾಲೆಗಳಲ್ಲಾದರೂ ಸುಖವಿದೆಯೇ? ನಿವೃತ್ತಿಯಿಂದ ತೆರವಾದ ಹುದ್ದೆಯನ್ನು ಸರಕಾರದ ಅನುಮತಿಯಿಲ್ಲದೆ ತುಂಬುವಂತಿಲ್ಲ. ಅನುಮತಿಯ ಕಡತ ವರ್ಷಗಟ್ಟಲೆ ಅಲುಗುವುದಿಲ್ಲ. ವಿಜ್ಞಾನದ ಮೇಷ್ಟರು ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆಂಬುದು ಅವರು ಕೆಲಸಕ್ಕೆ ಸೇರಿದ ದಿನವೇ ಇಲಾಖೆಗೆ ಗೊತ್ತಿರುತ್ತದೆ. ಹೀಗಿದ್ದೂ ಜೂನಿನಲ್ಲಿ ಆ ಪೀಠ ಬರಿದಾಗಿರುವುದಾದರೆ ಅದಕ್ಕೆ ಬಡತನ ಕಾರಣವಲ್ಲ, ಔದಾಸೀನ್ಯ ಕಾರಣ.

ಈ ಎಲ್ಲ ಕೊರತೆಯನ್ನು ತುಂಬಲು ಸರಕಾರ ಹಿಡಿಯುವ ಹಾದಿ ಯಾವುದೆಂಬುದು 2022ರ ಅಕ್ಟೋಬರಿನಲ್ಲಿ ಒಮ್ಮೆ ಬೆಳಕಿಗೆ ಬಂತು. ಸರಕಾರಿ ಶಾಲೆಯ ಮಕ್ಕಳ ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆಯನ್ನು ಎಸ್‌ಡಿಎಂಸಿಗಳು ಸಂಗ್ರಹಿಸಬಹುದೆಂದು ಸುತ್ತೋಲೆ ಹೊರಟಿತು. ಸ್ವ ಇಚ್ಛೆಯದೆಂಬ ಮಾತು ಅದರಲ್ಲಿತ್ತು, ನಿಜ. ಆದರೆ ಕೂಲಿಗೆ ಹೋಗುವ ತಾಯಿಯೊಬ್ಬಳು ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ನಿಂತಾಗ ಅವಳ ಇಚ್ಛೆ ಎಷ್ಟು ಸ್ವತಂತ್ರವೆಂಬುದನ್ನು ಬಲ್ಲವರು ಬಲ್ಲರು. ನಾಡೆಲ್ಲ ಆಕ್ಷೇಪಿಸಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ಹಿಂದಕ್ಕೆ ಹೋಯಿತು. ಸುತ್ತೋಲೆ ಹೋಯಿತು, ಅದರ ಹಿಂದಿನ ಭಾವನೆ ಹೋಗಲಿಲ್ಲ. ಶಾಲೆಯನ್ನು ದತ್ತು ತೆಗೆದುಕೊಳ್ಳಿರಿ, ದಾನಿಗಳು ಮುಂದೆ ಬರಲಿ, ಹಳೆಯ ವಿದ್ಯಾರ್ಥಿಗಳು ಋಣ ತೀರಿಸಲಿ ಎಂಬ ಕರೆಗಳನ್ನು ನೀವು ದಿನವೂ ಕೇಳುತ್ತೀರಿ. ಕರೆ ಕೊಡುವವರು ವೇದಿಕೆಯ ಮೇಲೆ ನಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ. ಮಠಗಳ ದಾಸೋಹವನ್ನು ಮುಕ್ತಕಂಠದಿಂದ ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ನಮಗೊಂದು ಬಲೆ ಕಾಣುತ್ತದೆ.

ಇಲ್ಲಿ ದಾಸೋಹವೆಂಬ ಶಬ್ದವನ್ನು ಸ್ವಲ್ಪ ವಿಚಾರಿಸಬೇಕು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಕೊಟ್ಟೆನೆಂಬ ಅಹಂಕಾರಕ್ಕೆ ಅಲ್ಲಿ ಎಡೆಯಿಲ್ಲ. ಸರಕಾರವೂ ಈ ಶಬ್ದವನ್ನು ನಮ್ಮಿಂದಲೇ ಪಡೆಯಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟ ಆರಂಭಿಸಿ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ನಮಗೆ ಹೆಮ್ಮೆಯೆನಿಸಿತು. ಆದರೆ ತೆರಿಗೆಯ ಹಣದಿಂದ ಊಟ ಬಡಿಸಿ ಅದನ್ನು ದಾಸೋಹವೆನ್ನುವುದು ಲಾಂಛನದ ಮಟ್ಟಿಗೆ ಸರಿ. ತೆರಿಗೆಯಿಂದ ಮಾಡಬೇಕಾದ ಕೆಲಸವನ್ನು ಮಠದ ಜೋಳಿಗೆಯಿಂದ ಮಾಡಿಸಿ ಅದನ್ನೂ ದಾಸೋಹವೆನ್ನುವುದು ಸರಿಯಲ್ಲ. ಪ್ರಜೆಯು ಉಪ್ಪು ಬಿಟ್ಟು ಮಿಕ್ಕೆಲ್ಲದಕ್ಕೂ ಎಂಬಂತೆ ತೆರಿಗೆ ಕೊಡುತ್ತಾನೆ. ಅದರಿಂದ ಅವನ ಮಗುವಿಗೆ ಶಾಲೆ ನಡೆಸುವುದು ಸರಕಾರದ ಉದಾರತೆಯಲ್ಲ, ಅದು ತೀರಿಸಲೇಬೇಕಾದ ಸಾಲ. ಅನುದಾನವನ್ನು ಭಿಕ್ಷೆಯಂತೆ ಕೊಡುವುದೂ ತಪ್ಪು. ದಾಸೋಹವನ್ನು ತೆರಿಗೆಯಂತೆ ವಸೂಲು ಮಾಡುವುದೂ ತಪ್ಪು.

ಹಾಗಾದರೆ ಹಿಂದಿನವರು ಮಾಡಿದ್ದೇನು ಎಂದು ನೀವು ಕೇಳಬಹುದು. ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನು, 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. 1910ರಲ್ಲಿ ವಿಜಾಪುರದ ಸಂಸ್ಥೆ, 1916ರಲ್ಲಿ ಬೆಳಗಾವಿಯ ಕೆಎಲ್ಇ ಸಂಸ್ಥೆ ಹುಟ್ಟಿದವು. ಅಂದು ಆಳುತ್ತಿದ್ದವರು ಪರಕೀಯರು. ಹಳ್ಳಿಯ ಮಗು ಓದಬೇಕೆಂಬ ಹೊಣೆ ಅವರಿಗಿರಲಿಲ್ಲ. ಸಮಾಜವೇ ಎದ್ದು ನಿಂತಿತು. ಇಂದು ಆಳುವವರು ನಾವೇ ಆರಿಸಿದವರು. ಸಂವಿಧಾನವೇ ಹೊಣೆಯನ್ನು ಅವರ ಹೆಗಲಿಗೇರಿಸಿದೆ. ಹಿರಿಯರ ತ್ಯಾಗವನ್ನು ಇಂದಿನ ಸರಕಾರದ ಮರೆವಿಗೆ ಹೊದಿಕೆಯಾಗಿಸುವುದು ಆ ಹಿರಿಯರಿಗೆ ಮಾಡುವ ಗೌರವವಲ್ಲ.

ಹಳ್ಳಿಗರಿಗೆ ಆಯವ್ಯಯ ಬರೆಯಲು ಬರುತ್ತದೆಯೇ ಎಂದು ಕೆಲವು ವಿದ್ಯಾವಂತರು ನಗುವುದುಂಟು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಕೂಡಿ ಸಹಕಾರ ಸಂಘ ಕಟ್ಟಿ ಸಾಲ ಬಡ್ಡಿಗಳ ಲೆಕ್ಕವನ್ನು ನಡೆಸಿದರು. ದೇಶದ ಸಹಕಾರ ಚಳವಳಿ ಅಲ್ಲಿಂದ ಮೊದಲಾಯಿತೆಂದು ಖ್ಯಾತಿಯಿದೆ. ಇಂದು ಯಾವ ಊರಿನಲ್ಲಿ ನೋಡಿದರೂ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ವಾರವಾರವೂ ಕಾಸುಕಾಸಿನ ಲೆಕ್ಕ ಇಡುತ್ತಾರೆ. ಅವರಿಗೆ ಬಾರದ್ದು ಲೆಕ್ಕವಲ್ಲ. ಅವರಿಗೆ ಸಿಗದಿರುವುದು ಅಂಕಿ.

ಪರದೇಶದ ಒಂದು ಸಂಗತಿಯನ್ನೂ ಹೇಳುತ್ತೇವೆ, ಅನುಕರಣೆಗೆಂದಲ್ಲ, ವಿಚಾರಕ್ಕೆಂದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ದೊಡ್ಡ ನಗರಗಳನ್ನು ಬಿಟ್ಟರೆ, ಪ್ರತಿ ಶಾಲಾ ಜಿಲ್ಲೆಯ ಆಯವ್ಯಯವನ್ನು ಮೇ ತಿಂಗಳ ಮೂರನೆಯ ಮಂಗಳವಾರ ಅಲ್ಲಿನ ಜನರೇ ಮತ ಹಾಕಿ ಒಪ್ಪಬೇಕು. ಅದಕ್ಕೆ ಮುಂಚೆ ಬಹಿರಂಗ ಸಭೆಯಲ್ಲಿ ಲೆಕ್ಕವನ್ನು ಓದಬೇಕು. ಎರಡು ಬಾರಿ ಜನ ಬೇಡವೆಂದರೆ ತೆರಿಗೆ ಹೆಚ್ಚಿಸದೆ ಬಿಗಿ ಲೆಕ್ಕದಲ್ಲಿ ವರ್ಷ ಕಳೆಯಬೇಕು. ರಾಜ್ಯದ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ, ಶಾಲೆಯ ಆರ್ಥಿಕ ವರ್ಷ ಜುಲೈನಲ್ಲಿ ಮೊದಲಾಗುವುದರಿಂದ ನಡುವೆ ಮೂರು ತಿಂಗಳ ಅವಕಾಶವುಂಟು. ಅಲ್ಲಿಯೂ ಎಲ್ಲವೂ ಸುಗಮವೆಂದು ತಿಳಿಯಬೇಡಿ. ಯಾವ ಶಾಲಾ ಜಿಲ್ಲೆಗೂ ಹಿಂದಿನ ವರ್ಷಕ್ಕಿಂತ ಕಡಿಮೆ ಸಹಾಯಧನ ಕೊಡಬಾರದೆಂಬ ಬಹುಕಾಲದ ರಕ್ಷಣೆಯನ್ನು ತೆಗೆದುಹಾಕಲು 2024ರ ಜನವರಿಯಲ್ಲಿ ಅಲ್ಲಿನ ಗವರ್ನರು ಸೂಚಿಸಿದರು. ಮಕ್ಕಳು ಕಡಿಮೆಯಾದ ಅನೇಕ ಜಿಲ್ಲೆಗಳು ಕಂಗಾಲಾದವು. ಆದರೆ ಎಷ್ಟು ಕಡಿಮೆಯಾಗಬಹುದೆಂಬ ಅಂಕಿ ಪ್ರತಿ ಊರಿಗೂ ಜನವರಿಯಲ್ಲೇ ಗೊತ್ತಿತ್ತು. ಜನ ಸಭೆ ಸೇರಿದರು, ಪ್ರತಿನಿಧಿಗಳನ್ನು ಪ್ರಶ್ನಿಸಿದರು. ಏಪ್ರಿಲ್‌ನಲ್ಲಿ ಆ ಸೂಚನೆಯನ್ನು ಕೈಬಿಡಲಾಯಿತು. ಅಂಕಿ ಮೊದಲೇ ತಿಳಿದ ಜನ ಜಗಳವನ್ನಾದರೂ ಸಕಾಲದಲ್ಲಿ ಆಡಬಲ್ಲರು. ತಿಳಿಯದ ಜನ ಬೇಡಬಲ್ಲರು, ಅಷ್ಟೆ.

ಈಗ ನಮ್ಮ ಮೇಲೆಯೇ ಬರಬಹುದಾದ ಆಕ್ಷೇಪವನ್ನು ಎತ್ತಿಕೊಳ್ಳುತ್ತೇವೆ. “ಸ್ವಾಮಿಗಳೇ, ಮಠಗಳು ತಾವೂ ಶುಲ್ಕದ ಶಾಲೆಗಳನ್ನು, ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು, ದೊಡ್ಡ ದೊಡ್ಡ ಕಾಲೇಜುಗಳನ್ನು ನಡೆಸುತ್ತವಲ್ಲ! ಅವುಗಳ ಲೆಕ್ಕವನ್ನು ಎಂದಾದರೂ ಭಕ್ತರ ಮುಂದೆ ಓದಿದ್ದೀರಾ?” ಈ ಪ್ರಶ್ನೆ ನ್ಯಾಯವಾದದ್ದು. ಲೆಕ್ಕಪರಿಶೋಧಕರ ಮುಂದೆ ಓದಿದ್ದೇವೆ. ಭಕ್ತರ ಮುಂದೆ ಓದಿಲ್ಲ. ಅನುದಾನಕ್ಕಾಗಿ ಮಂತ್ರಿಗಳ ಬಳಿಗೆ ನಿಯೋಗ ಹೋಗಿದ್ದೇವೆ, ಹಾರ ಹಾಕಿದ್ದೇವೆ, ಬೆಳ್ಳಿಯ ಮೂರ್ತಿ ಕೊಟ್ಟಿದ್ದೇವೆ. ಇಷ್ಟು ಬೇಕು, ಇದಕ್ಕೆ ಬೇಕು ಎಂಬ ಬಹಿರಂಗ ಪತ್ರವನ್ನು ಮಾತ್ರ ಕೊಟ್ಟಿಲ್ಲ. ಪ್ರಜೆಯ ಹಕ್ಕನ್ನು ಸ್ವಾಮಿಯ ಪ್ರಭಾವದಿಂದ ಪಡೆಯುವ ದಾರಿಯನ್ನು ನಾವೇ ತೆರೆದೆವು. ಪ್ರಭಾವವಿರುವ ಮಠದ ಶಾಲೆಗೆ ಬೇಗ ಸಿಕ್ಕಿತು. ಯಾವ ಮಠದ ನೆರಳೂ ಇಲ್ಲದ ಹಳ್ಳಿಯ ಶಾಲೆಗೆ ಸಿಗಲಿಲ್ಲ. ಈ ಪಾಪದಲ್ಲಿ ನಮಗೂ ಪಾಲಿದೆ. ಕಳೆದ ಜೂನಿನಲ್ಲಿ ಆ ಹಳ್ಳಿಯ ಯೋಜನೆಯನ್ನು ಕೇಳದೆ ಹಣ ಕೊಟ್ಟದ್ದೂ ಇದೇ ತಪ್ಪಿನ ಒಂದು ಭಾಗ. ಹೆಂಚು ಬಿತ್ತು, ಮಠ ಹಾಕಿಸಿತು. ಇಲಾಖೆಯ ಕಡತದಲ್ಲಿ ಆ ಕೊರತೆಯೇ ಮಾಯವಾಯಿತು. ನಮ್ಮ ಕರುಣೆ ಸರಕಾರದ ಅಲಕ್ಷ್ಯಕ್ಕೆ ಸುಣ್ಣ ಬಳಿಯಿತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ನೀವೆಲ್ಲ ಪ್ರಸಾದ ನಿಲಯದಲ್ಲಿ ಕೇಳಿದ್ದೀರಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ನಾವು ಈ ಕಥೆಯನ್ನು ನಿಸ್ಪೃಹತೆಯ ಪಾಠವೆಂದು ಮಾತ್ರ ಹೇಳುತ್ತ ಬಂದೆವು. ಅದು ಆಯವ್ಯಯದ ಪಾಠವೂ ಹೌದು. ನಮಗೆ ಬೇಕಾದುದೆಷ್ಟು, ಬಂದದ್ದು ಎಲ್ಲಿಂದ ಎಂಬ ಎರಡು ಪ್ರಶ್ನೆಗಳನ್ನು ಆಕೆ ಕೇಳಿದಳು. ಬೇಕಾದುದೆಷ್ಟೆಂದು ಮೊದಲೇ ಗೊತ್ತಿದ್ದುದರಿಂದಲೇ ಹೆಚ್ಚು ಯಾವುದೆಂದು ಆಕೆಗೆ ತಿಳಿಯಿತು. ಮಾರ್ಚ್ ಕೊನೆಯ ವಾರದಲ್ಲಿ ಹಣ ಬಂತೆಂದು, ಬೇಕೋ ಬೇಡವೋ ನೋಡದೆ, ಇದ್ದ ಕಪಾಟಿನ ಪಕ್ಕದಲ್ಲಿ ಇನ್ನೊಂದು ಕಪಾಟನ್ನು ತಂದಿಡುವ ಪದ್ಧತಿಯನ್ನು ಲಕ್ಕಮ್ಮ ನೋಡಿದ್ದರೆ ಏನನ್ನುತ್ತಿದ್ದಳು?

ಆದಕಾರಣ ಈ ಲೇಖನವನ್ನು ಓದಿದ ಪ್ರತಿಯೊಬ್ಬರಿಗೂ ನಮ್ಮ ಸೂಚನೆಗಳಿವು. ಮೊದಲನೆಯದಾಗಿ, ಬರುವ ಡಿಸೆಂಬರಿನೊಳಗೆ ನಿಮ್ಮ ಊರಿನ ಶಾಲೆಗೆ ಹೋಗಿರಿ. ಸಮಿತಿಯ ತಾಯಂದಿರನ್ನೂ ಮುಖ್ಯೋಪಾಧ್ಯಾಯರನ್ನೂ ಕೂಡಿಸಿ ಬರುವ ವರ್ಷದ ಅಗತ್ಯವನ್ನು ಬರೆಯಿಸಿರಿ. ನಿಮ್ಮಲ್ಲಿ ಬ್ಯಾಂಕಿನವರಿದ್ದೀರಿ, ಖಜಾನೆಯವರಿದ್ದೀರಿ, ಇಂಜಿನಿಯರರಿದ್ದೀರಿ. ನಿಮ್ಮ ಹಣಕ್ಕಿಂತ ನಿಮ್ಮ ಈ ವಿದ್ಯೆ ಶಾಲೆಗೆ ಹೆಚ್ಚು ಬೇಕಾಗಿದೆ. ಎರಡನೆಯದಾಗಿ, ಆ ಪತ್ರವನ್ನು ಗ್ರಾಮಸಭೆಯಲ್ಲಿ ಓದಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರನೆಯದಾಗಿ, ಕೇಳಿದ್ದೆಷ್ಟು, ಮಂಜೂರಾದದ್ದೆಷ್ಟು, ಯಾವ ದಿನಾಂಕದಂದು ಕೈಗೆ ಬಂತು ಎಂಬ ಮೂರು ಸಾಲುಗಳನ್ನು ಶಾಲೆಯ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಯಿಸಿರಿ. ದಾನಿಗಳ ಹೆಸರು ಕೆತ್ತಿದ ಶಿಲಾಫಲಕಗಳು ನಮ್ಮ ಶಾಲೆಗಳಲ್ಲಿ ಸಾಕಷ್ಟಿವೆ; ಸಾಲಗಾರರ ಫಲಕವೂ ಒಂದಿರಲಿ. ನಾಲ್ಕನೆಯದಾಗಿ, ದೇಣಿಗೆ ಕೊಡುವುದಾದರೆ ಅದು ಗ್ರಂಥಾಲಯಕ್ಕೆ, ಆಟದ ಬಯಲಿಗೆ, ಪ್ರವಾಸಕ್ಕೆ ಇರಲಿ. ಶಿಕ್ಷಕರ ಸಂಬಳ, ಮಾಡು, ನೀರು, ಶೌಚಾಲಯ ಇವು ಸರಕಾರ ತೀರಿಸಬೇಕಾದ ಸಾಲ. ಮಳೆಗಾಲ ತಡೆಯದೆಂದು ಅಂಥದಕ್ಕೆ ಕೊಡಲೇಬೇಕಾಗಿ ಬಂದರೆ, ಇದು ಸರಕಾರ ಕೊಡದೆ ಉಳಿಸಿದ ಬಾಕಿ ಎಂದು ಬರೆದಿಟ್ಟೇ ಕೊಡಿರಿ.

ಸರಕಾರದವರಿಗೆ ನಾವು ಹೇಳುವ ಮಾತು ಚಿಕ್ಕದು. ಹೆಚ್ಚು ಕೊಡಿರೆಂದು ಕೇಳುವವರು ಬಹಳ ಮಂದಿ ಇದ್ದಾರೆ. ರಾಷ್ಟ್ರೀಯ ಆದಾಯದ ನೂರಕ್ಕೆ ಆರರಷ್ಟು ಶಿಕ್ಷಣಕ್ಕೆ ಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 1968, 1986, 2020ರ ನೀತಿಗಳು ಅದನ್ನೇ ಮತ್ತೆ ಮತ್ತೆ ಹೇಳಿದವು. ಆ ಗುರಿ ಇನ್ನೂ ದೂರವೇ ಇದೆ. ಹೆಚ್ಚು ಕೊಡುವ ಶಕ್ತಿ ಬರುವವರೆಗೆ, ಕೊಡುವುದನ್ನು ಮೊದಲೇ ಹೇಳಿರಿ. ಮಾರ್ಚ್ ಮುಗಿಯುವುದರೊಳಗೆ ಪ್ರತಿ ಶಾಲೆಗೂ ಅದರ ಅಂಕಿಯನ್ನು ತಿಳಿಸಿರಿ. ಶಾಲೆ ತೆರೆಯುವ ಮುಂಚೆ ಮೊದಲ ಕಂತನ್ನು ಮುಟ್ಟಿಸಿರಿ. ವರ್ಷದ ನಡುವೆ ಬದಲಾಯಿಸಬೇಡಿರಿ. 2023ರ ನವೆಂಬರ್ 1ರಂದು ಸರಕಾರಿ ಶಾಲೆ ಕಾಲೇಜುಗಳಿಗೆ ವಿದ್ಯುತ್ತು ಮತ್ತು ನೀರನ್ನು ಉಚಿತವಾಗಿ ಕೊಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದಾಗ ನಾವು ಸಂತೋಷಪಟ್ಟೆವು. ಮೊತ್ತ ಎಷ್ಟೆಂಬುದಕ್ಕಿಂತ, ಕರೆಂಟಿನ ಬಿಲ್ಲಿನ ಭಯ ಮುಖ್ಯೋಪಾಧ್ಯಾಯರ ಮನಸ್ಸಿನಿಂದ ಹೋಗುತ್ತದೆ ಎಂಬುದೇ ಆ ಸಂತೋಷಕ್ಕೆ ಕಾರಣ. ನಿಶ್ಚಿತತೆಗೆ ಅಂಥ ಬೆಲೆಯುಂಟು.

ಅನ್ಯರಿಗೆ ಹೇಳುವ ಮುಂಚೆ ತಾನು ಆಚರಿಸಬೇಕೆಂಬುದು ಶರಣಮಾರ್ಗ. ಆದ್ದರಿಂದ ಶ್ರೀಮಠದ ವಿದ್ಯಾಸಂಸ್ಥೆಗೆ ಸೇರಿದ ಎಲ್ಲ ಶಾಲೆಗಳ ಬರುವ ವರ್ಷದ ಅಂದಾಜು ಆಯವ್ಯಯವನ್ನು, ಕಳೆದ ವರ್ಷ ಪಡೆದ ಶುಲ್ಕ, ದೇಣಿಗೆ, ಅನುದಾನಗಳ ವಿವರದೊಡನೆ, ಜನವರಿ ತಿಂಗಳ ಸಂಚಿಕೆಯಲ್ಲಿ ಇದೇ ಪತ್ರಿಕೆಯಲ್ಲಿ ಪ್ರಕಟಿಸುವಂತೆ ಆಡಳಿತ ಮಂಡಳಿಗೆ ಆದೇಶಿಸಿದ್ದೇವೆ. ಮಂಡಳಿಯ ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ಮನೆಯ ಲೆಕ್ಕವನ್ನು ಬೀದಿಗೆ ತರಬಾರದೆಂದರು. ಭಕ್ತರ ಹಣದಿಂದ ನಡೆಯುವ ಮನೆಗೆ ಬೀದಿಯೇ ಅಂಗಳವೆಂದು ಅವರಿಗೆ ಉತ್ತರಿಸಿದ್ದೇವೆ. ಆ ಸಂಚಿಕೆ ಬಂದಾಗ ಓದಿರಿ, ಪ್ರಶ್ನಿಸಿರಿ, ತಪ್ಪಿದ್ದರೆ ಬರೆದು ತಿಳಿಸಿರಿ. ಆಮೇಲೆ ಅದೇ ಪ್ರಶ್ನೆಗಳನ್ನು ಹಿಡಿದು ನಿಮ್ಮೂರ ಶಾಲೆಗೂ, ಇಲಾಖೆಯ ಕಚೇರಿಗೂ, ನೀವು ಆರಿಸಿ ಕಳುಹಿಸಿದ ಶಾಸಕರ ಮನೆಗೂ ಹೋಗಿರಿ.

ಆ 86 ಮಕ್ಕಳ ಹಳ್ಳಿಯವರಿಗೆ ನಾವು ಹೇಳಿ ಕಳುಹಿಸಿದ್ದೇವೆ: ಈ ಡಿಸೆಂಬರಿನಲ್ಲಿ ನಿಮ್ಮ ಯೋಜನೆ ಬರೆಯುವ ದಿನ ನಾವೂ ಬರುತ್ತೇವೆ. ಈ ಸಲ ಹಣ ತರುವುದಿಲ್ಲ. ಕಾಗದ ಲೇಖನಿ ತರುತ್ತೇವೆ.